ಪಾವಗಡದ ಖರ್ಚು

ಮಧುಗಿರಿಯ ಸಬ್ ಡಿವಿಷನ್ ಕಚೇರಿಯಲ್ಲಿ ನನ್ನ ಪಾಲಿಗೆ ಬಂದದ್ದು ಸಾದಿಲ್ವಾರಿನ ಮೇಜು. ಸಂಬಳ ಬಿಟ್ಟು ಕಚೇರಿ ನಡೆಸಲು ತಗಲುವ ಮಿಕ್ಕೆಲ್ಲ ಖರ್ಚಿಗೂ ಆಗಿನ ಮೈಸೂರು ಸರ್ಕಾರದಲ್ಲಿ ಅದೇ ಹೆಸರು. ದೀಪದ ಎಣ್ಣೆ, ಮಸಿ, ಗೋಂದು, ಗಾಡಿ ಬಾಡಿಗೆ, ಡಂಗುರ ಹೊಡೆದವನ ಕೂಲಿ, ಕುಡಿಯುವ ನೀರು, ಕಚೇರಿಗೆ ಹಾವು ನುಗ್ಗಿದಾಗ ಹಿಡಿದವನಿಗೆ ಕೊಟ್ಟ ಚಿಲ್ಲರೆ, ಎಲ್ಲವೂ ಕೊನೆಗೆ ನನ್ನ ಮುಂದೆ ಬಂದು ಬೀಳುತ್ತಿದ್ದವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ನಮ್ಮ ಕಚೇರಿಯ ಕೈಕೆಳಗೆ ಇದ್ದವು. ನಾನು ಹುಟ್ಟಿ ಬೆಳೆದದ್ದು ಮಧುಗಿರಿಯ ಪೇಟೆಬೀದಿಯಲ್ಲಿ. ಮಿಕ್ಕ ಮೂರನ್ನು ಕಣ್ಣಿಂದ ನೋಡುವ ಮೊದಲೇ ಅವುಗಳ ಬಿಲ್ಲುಗಳಿಂದ ಬಲ್ಲವನಾಗಿದ್ದೆ. ಬಿಲ್ಲು ನೋಡಿ ಊರನ್ನು ತಿಳಿಯುವುದು ಕೆಟ್ಟ ದಾರಿಯೇನಲ್ಲ, ಊರಿನವರು ಹೇಳುವುದಕ್ಕಿಂತ ಹೆಚ್ಚು ಗೊತ್ತಾಗುತ್ತದೆ.

ಕೊರಟಗೆರೆಯ ಬಿಲ್ಲು ಚಿಕ್ಕದು, ಚೊಕ್ಕವಾದದ್ದು. ತುಮಕೂರು ಹತ್ತಿರ, ಹಳ್ಳಿಗಳು ಒಂದರ ಮಗ್ಗುಲಿಗೆ ಇನ್ನೊಂದು. ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕ್ದಾರರು ಬೆಳಿಗ್ಗೆ ಹೊರಟು ಹೊಳವನಹಳ್ಳಿಯ ಕಡೆ ನಾಲ್ಕು ಊರು ತಿರುಗಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದರು. ಅಲ್ಲಿಯ ಒಂದೇ ಒಂದು ವಿಚಿತ್ರ ಬಾಬತ್ತೆಂದರೆ, ಮಳೆಗಾಲ ಮುಗಿದ ಮೇಲೆ ಕಡತಗಳನ್ನು ಬಿಸಿಲಿಗೆ ಹರಡಿ ಕಾಯಲು ಇಟ್ಟ ಆಳಿನ ಕೂಲಿ. ಕಚೇರಿಯೂ ನೌಕರರ ಮನೆಗಳೂ ಕೆರೆ ಏರಿಯ ಕೆಳಗೆ, ಗದ್ದೆಗಳ ಅಂಚಿನಲ್ಲಿದ್ದವು. ಗೋಡೆ ಬೆವರುತ್ತಿತ್ತು, ಕಾಗದಕ್ಕೆ ಬೂಷ್ಟು ಹಿಡಿಯುತ್ತಿತ್ತು. ಆ ಕೂಲಿಯನ್ನು ನಾನು ಎಂದೂ ಆಕ್ಷೇಪಿಸಲಿಲ್ಲ.

ಶಿರಾದ್ದು ಬೇರೆ ಕಥೆ. ಊರಿನಲ್ಲಿ ಡಂಗುರವನ್ನು ಕನ್ನಡದಲ್ಲೊಮ್ಮೆ ಉರ್ದುವಿನಲ್ಲೊಮ್ಮೆ ಹೊಡೆಸಬೇಕು. ಹೊರಗೆ ಬುಕ್ಕಾಪಟ್ಟಣದ ಕಡೆ ಹೋದರೆ ಕುರುಚಲು ಕಾಡು, ಕುರಿ ಮೇಯಿಸುವವರ ಹಟ್ಟಿಗಳು. ಕುರಿಗಳ ಮೇಲೆ ಮೇವಿನ ತೆರಿಗೆ ಇತ್ತು. ತೆರಿಗೆ ಹಾಕಲು ಕುರಿ ಎಣಿಸಬೇಕು, ಎಣಿಸಲು ಹೋದರೆ ಕುರಿ ಇರುತ್ತಿರಲಿಲ್ಲ. ಅಲ್ಲಿಯ ಹಿರಿಯನೊಬ್ಬ ಒಮ್ಮೆ ನಮ್ಮ ಕಚೇರಿಗೇ ಬಂದು, "ನೀವು ಬರೋ ದಿನಕ್ಕೆ ಕುರಿ ಕಾಯ್ಕಂಡಿರ್ತವಾ ಸ್ವಾಮಿ? ಮೇವು ಎಲ್ಲೈತೋ ಅಲ್ಲಿರ್ತವೆ. ನೀವೂ ಅವುಗಳ ಹಿಂದೆ ಬನ್ನಿ, ಬ್ಯಾಡ ಅಂದೋರ್ಯಾರು?" ಎಂದು ಹೇಳಿ ಹೋಗಿದ್ದ. ಶೇಕ್ದಾರರು ಹಾಗೆಯೇ ಹಿಂದೆ ಹೋದರು. ಅವರು ಅಡವಿಯಲ್ಲಿ ಕಳೆದ ರಾತ್ರಿಗಳ ಭತ್ಯೆ ಎಷ್ಟೋ ಸಲ ಬಂದ ತೆರಿಗೆಯ ಹತ್ತಿರಕ್ಕೆ ನಿಲ್ಲುತ್ತಿತ್ತು.

ಪಾವಗಡದ ಬಿಲ್ಲು ಬಂತೆಂದರೆ ಮಾತ್ರ ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ನಮ್ಮ ಕಡೆಯ ಗಡಿಯೂ ಸೇರಿ ಮೂರು ಕಡೆ ಬ್ರಿಟಿಷರ ಸೀಮೆ ಸುತ್ತಿಕೊಂಡ ತಾಲ್ಲೂಕು ಅದು. ನಮ್ಮ ಮಹಾರಾಜರದೇ ನೆಲವಾದರೂ ಮಧುಗಿರಿಯಿಂದ ಅಲ್ಲಿಗೆ ಹೋಗಲು ಪರರ ನೆಲ ದಾಟಬೇಕು. ಆದ್ದರಿಂದ ಗಾಡಿ ಬಾಡಿಗೆ ದುಬಾರಿ. ಜನರ ಬಾಯಲ್ಲಿ ತೆಲುಗು ಹೆಚ್ಚು, ಅರ್ಜಿಗಳೂ ತೆಲುಗಿನಲ್ಲಿ ಬರುತ್ತಿದ್ದವು. ಕಚೇರಿಯಲ್ಲೇ ಮುಗಿಯದೆ ಮಿಕ್ಕವನ್ನು ಕನ್ನಡಕ್ಕೆ ತರ್ಜುಮೆ ಮಾಡಿದ ಹೊರಗಿನವರಿಗೆ ಪುಟಕ್ಕೆ ಇಷ್ಟು ಅಂತ ಕೊಡಬೇಕು. ಬಾವಿ ನೀರು ಉಪ್ಪು, ಕಚೇರಿಗೆ ಕುಡಿಯುವ ನೀರನ್ನು ದೂರದಿಂದ ಕತ್ತೆಯ ಮೇಲೆ ತರಿಸಬೇಕು. ಎಲ್ಲಕ್ಕಿಂತ ದೊಡ್ಡ ಬಾಬತ್ತು ವರ್ಗಾವಣೆಯ ಭತ್ಯೆ. ಪಾವಗಡದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಪಾತ್ರೆ ಪಗಡೆ ಗಾಡಿಗೆ ಹೇರಿಕೊಂಡು ಹೋದವನು ಗಾಡಿ ಇಳಿಸುವ ಮೊದಲೇ ವೈದ್ಯರ ಸರ್ಟಿಫಿಕೇಟು ಹಿಡಿದು ಮರಳಲು ಅರ್ಜಿ ಹಾಕುತ್ತಿದ್ದ. ನಮ್ಮಲ್ಲಿ ಯಾರ ಮೇಲಾದರೂ ಸಿಟ್ಟು ಬಂದರೆ, "ಇವನನ್ನು ಪಾವಗಡಕ್ಕೆ ಹಾಕಿ" ಎನ್ನುವುದು ರೂಢಿಯ ಮಾತಾಗಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ ಸರ್ಕಾರಕ್ಕೆ ಖರ್ಚು ಕಡಿಮೆ ಮಾಡುವ ಹುಮ್ಮಸ್ಸು ಬಂತು. ಬೆಂಗಳೂರಿನಿಂದ ಒಂದು ಪ್ರಶ್ನೆ ಇಳಿಯಿತು. ನಾಲ್ಕೂ ತಾಲ್ಲೂಕು ಕಚೇರಿಗಳಲ್ಲಿ ಮಾಡುವ ಕೆಲಸ ಒಂದೇ ಇರುವಾಗ ಪಾವಗಡಕ್ಕೆ ಕೊರಟಗೆರೆಗಿಂತ ಹೆಚ್ಚು ಖರ್ಚೇಕೆ? ಕೊರಟಗೆರೆಯ ಮಟ್ಟಕ್ಕೆ ಮಿಕ್ಕವನ್ನೂ ಏಕೆ ಇಳಿಸಬಾರದು? ಕುರ್ಚಿಯಲ್ಲಿ ಕುಳಿತು ನೋಡಿದರೆ ನ್ಯಾಯವಾದ ಪ್ರಶ್ನೆಯೇ. ಬೆಂಗಳೂರಿನವರು ನಾಲ್ಕು ಊರುಗಳನ್ನೂ ಒಂದೇ ಕಾಗದದ ಮೇಲೆ ನೋಡುತ್ತಿದ್ದರು, ಕಾಗದದ ಮೇಲೆ ಎಲ್ಲ ಊರಿನ ನೀರೂ ಸಿಹಿಯೇ.

ಆಗ ನಮಗಿದ್ದ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಒಳ್ಳೆಯವರು. ಕೈ ಕೊಳಕಿಲ್ಲ, ಬಾಯಿ ಕೆಟ್ಟದ್ದಲ್ಲ. ಆದರೆ ಎದುರಿಗಿರುವವನು ಮಾತು ಮುಗಿಸುವವರೆಗೆ ಕಾಯುವ ತಾಳ್ಮೆ ಅವರ ಜಾತಕದಲ್ಲೇ ಇರಲಿಲ್ಲ. ಅರ್ಧ ಕೇಳಿ ಪೂರ್ತಿ ಕರುಣೆ ತೋರಿಸುತ್ತಿದ್ದರು.

ಒಂದು ದಿನ ನಾನು ಅವರ ಮುಂದೆ ಬಿಲ್ಲುಗಳಿಗೆ ರುಜು ಹಾಕಿಸಿಕೊಳ್ಳುತ್ತಿದ್ದಾಗ ಪಾವಗಡ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಬಾಗಿಲಲ್ಲಿ ನಿಂತರು. ನಡುವಯಸ್ಸು, ತೆಳ್ಳನೆಯ ದೇಹ, ಮಡಿಸಿ ಮಡಿಸಿ ಮಡಿಕೆಯೇ ಹರಿಯಲಿದ್ದ ಕೋಟು. ಖಜಾನೆಯ ಕಾಗದಗಳನ್ನು ತಂದು ಕೊಡಲು ಆಗಾಗ ಬರುತ್ತಿದ್ದವರು. ಬಂದಾಗಲೆಲ್ಲ ಕೈಯಲ್ಲೊಂದು ದೊಡ್ಡ ಹಿತ್ತಾಳೆ ತಂಬಿಗೆ ಇರುತ್ತಿತ್ತು. ಹೋಗುವಾಗ ನಮ್ಮ ಕಚೇರಿಯ ಹಿಂದಿನ ಬಾವಿಯ ಸಿಹಿನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಯ್ಯುತ್ತಿದ್ದರು. ನಾವು ಅದನ್ನು ಕಂಡು ನಗುತ್ತಿದ್ದೆವು.

"ಸ್ವಾಮಿ, ನನ್ನದೊಂದು ಅರಿಕೆ..." ಎಂದರು.

"ಗೊತ್ತು ಕಣಯ್ಯ, ಗೊತ್ತು" ಎಂದರು ಸಾಹೇಬರು. "ಪಾವಗಡದಿಂದ ಬಂದವರು ಏನು ಕೇಳ್ತಾರೆ ಅಂತ ನನಗೆ ಹೇಳಿಕೊಡಬೇಕೆ? ಎಷ್ಟು ವರ್ಷ ಆಯಿತು ನೀನು ಅಲ್ಲಿ?"

"ಬಾಳ ವರ್ಷ ಆಯ್ತು ಸ್ವಾಮಿ. ಅದಕ್ಕೇ..."

"ಅದಕ್ಕೇ!" ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಒಂದು ದಿನವೂ ಬಾಯಿ ಬಿಡದೆ ಆ ಉಪ್ಪು ನೀರು ಕುಡಿದುಕೊಂಡು ಇದ್ದಾನೆ ನೋಡು. ಬಂದ ತಿಂಗಳಿಗೇ ಅಳುವವರಿಗೆಲ್ಲ ವರ್ಗ ಆಗ್ತದೆ, ಇಂಥವನಿಗೆ ಇಲ್ಲ." ಅವರಿಗೆ ನಿಜವಾಗಿಯೂ ಕನಿಕರ ಬಂದಿತ್ತು. ಗುಮಾಸ್ತರ ಬಾಯಿ ಇನ್ನೂ ತೆರೆದೇ ಇತ್ತು. "ಹೋಗು. ನಿನ್ನನ್ನು ಕೊರಟಗೆರೆಗೆ ಹಾಕಿದೀನಿ. ಇನ್ನಾದರೂ ಹೆಂಡತಿ ಮಕ್ಕಳ ಜೊತೆ ಸುಖವಾಗಿರು."

ಗುಮಾಸ್ತರು ಕೈ ಮುಗಿದರು. ಹಾಗೆಯೇ ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡು ಹೊರಟುಹೋದರು. ಆಮೇಲೆ ಬಾವಿಯ ಹತ್ತಿರ ಸಿಕ್ಕಾಗ ನಾನು, "ಏನು ಸ್ವಾಮಿ, ಊಟ ಹಾಕಿಸಬೇಕು ನಮಗೆ" ಎಂದೆ. "ಹೂಂ. ಸಾಹೇಬ್ರು ದೊಡ್ಡ ಮನಸ್ಸು ಮಾಡ್ಬುಟ್ರು" ಎಂದು ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಾ ಕುಳಿತರು. ಗಂಟು ಸರಿಯಾಗಿ ಬೀಳುತ್ತಿರಲಿಲ್ಲ. ಸಂತೋಷದಲ್ಲಿ ಗಮನ ಎಲ್ಲೋ ಇದೆ ಎಂದುಕೊಂಡೆ.

ಮುಂದಿನ ವಾರವೇ ಸಾಹೇಬರು ನನ್ನನ್ನು ಪಾವಗಡಕ್ಕೆ ಕಳಿಸಿದರು. ಬೆಂಗಳೂರಿಗೆ ಜವಾಬು ಕೊಡಬೇಕಲ್ಲ, ಖರ್ಚು ಯಾಕೆ ಹೆಚ್ಚು ಎಂದು ಕಣ್ಣಾರೆ ನೋಡಿ ಬಾ ಎಂದರು. ಮಿಡಿಗೇಶಿಯವರೆಗೆ ಮೋಟಾರು ಸಿಕ್ಕಿತು, ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ. ಬಾಡಿಗೆ ಕೇಳಿ ನನ್ನ ಸಾದಿಲ್ವಾರು ಬುದ್ಧಿ ಕೆರಳಿ ಗಾಡಿಯವನೊಡನೆ ಜಗಳಕ್ಕೆ ನಿಂತೆ. ಅವನು ಸಮಾಧಾನವಾಗಿ, "ಅತ್ಲಾಗಿ ಬ್ಯಾರೆ ಸೀಮೆ ದಾಟಿ ಓಗ್ಬೇಕು ಸ್ವಾಮಿ. ಎತ್ತಿಗೆ ಯಾವ ರಾಜ ಆದ್ರೇನು? ಸುಂಕದ ಕಟ್ಟೆಯೋನಿಗೆ ಅದು ಗೊತ್ತಾಗಾಕಿಲ್ಲ. ಬರೋವಾಗ ಖಾಲಿ ಗಾಡೀಲಿ ಬರ್ಬೇಕು, ಪಾವಗಡಕ್ಕೆ ಓಗೋರು ಅವ್ರೆ, ಅಲ್ಲಿಂದ ಇಂಗೆ ಸಾಮಾನು ತರೋರು ಯಾರವ್ರೆ?" ಎಂದ. ನಾನು ಇಷ್ಟು ವರ್ಷ ಕೆಂಪು ಮಸಿಯಲ್ಲಿ ಗೆರೆ ಎಳೆದ ಬಿಲ್ಲುಗಳಿಗೆಲ್ಲ ಒಂದೇ ಉಸಿರಿನಲ್ಲಿ ಜವಾಬು ಸಿಕ್ಕಂತಾಯಿತು. ಸುಮ್ಮನೆ ಹತ್ತಿ ಕುಳಿತೆ.

ಗಡಿ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು, ಮರ ಕಡಿಮೆಯಾಯಿತು. ಗಾಳಿ ಒಣಗಿ ಗರಿಗರಿಯಾಗಿತ್ತು. ನನ್ನ ತುಟಿ ಒಡೆಯಿತು, ನಾನು ಪಾವಗಡಕ್ಕೆ ಬಂದ ಎಲ್ಲ ನೌಕರರಂತೆ ಬೈದುಕೊಂಡೆ. ಕಚೇರಿಯಲ್ಲಿ ಮಾತ್ರ ಒಂದು ಸಂಗತಿ ನನಗೆ ಮೆಚ್ಚುಗೆಯಾಯಿತು. ನನ್ನ ಅಜ್ಜನ ಕಾಲದ ಕಡತಗಳು ನಿನ್ನೆ ಬರೆದ ಹಾಗಿದ್ದವು. ಬೂಷ್ಟೆನ್ನುವುದು ಅಲ್ಲಿಯ ಕಾಗದಗಳಿಗೆ ಗೊತ್ತೇ ಇರಲಿಲ್ಲ.

ಸಾಯಂಕಾಲ ಆ ಗುಮಾಸ್ತರು ಊಟಕ್ಕೆ ಕರೆದರು. ಬಾಗಿಲಲ್ಲಿ ಕತ್ತೆ ನಿಂತಿತ್ತು. ನೀರಿನವನು ಕೊಡ ಇಳಿಸುತ್ತಾ, ಹೊಸ ಮುಖ ಕಂಡು, "ಮಂಚಿ ನೀಳ್ಳು ಸ್ವಾಮೀ, ಕುಡೀರಿ, ಉಪ್ಪಿಲ್ಲ" ಎಂದು ಧೈರ್ಯ ಹೇಳಿದ. ಒಳಗೆ ಅರ್ಧ ಪಾತ್ರೆಗಳು ಹುಲ್ಲಿನಲ್ಲಿ ಸುತ್ತಿ ಮೂಟೆಯಾಗಿದ್ದವು. ವರ್ಗಾವಣೆಯ ಮನೆ. ಆದರೆ ವರ್ಗಾವಣೆಯ ಮನೆಯಲ್ಲಿರುವ ಗಲಾಟೆ ಇರಲಿಲ್ಲ. ಒಲೆಯ ಮುಂದೆ ಅವರ ಹೆಂಡತಿ ರೊಟ್ಟಿ ತಟ್ಟುತ್ತಿದ್ದರು, ಹತ್ತು ಹನ್ನೆರಡು ವರ್ಷದ ಮಗಳು ತಟ್ಟೆ ಹಾಕುತ್ತಿದ್ದಳು.

ಉಪಚಾರಕ್ಕೆಂದು ನಾನು, "ಇನ್ನು ಕೊರಟಗೆರೆಗೆ ಹೋದ ಮೇಲೆ ನೀರಿನ ಕಷ್ಟ ಇಲ್ಲಮ್ಮ ನಿಮಗೆ" ಎಂದೆ. ಆಕೆ ರೊಟ್ಟಿ ತಿರುವಿ ಹಾಕಿ, ಗಂಡನ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಕೊರಟಗೆರೆ ನಾನು ಕಾಣದ್ದಲ್ಲ ಕಣಣ್ಣ. ಇವರಿಗೆ ಮೊದಲು ಅಲ್ಲೇ ಕೆಲಸ ಇದ್ದಿದ್ದು. ಉಬ್ಬಸ ನಂಗೆ. ಅಲ್ಲಿದ್ದಷ್ಟು ದಿನ ಬೆನ್ನು ನೆಲಕ್ಕೆ ಹಾಕಿ ಮಲಗಿದ್ದು ಗ್ಯಾಪಕ ಇಲ್ಲ. ಗೋಡೆಗೆ ಒರಗಿ ಕೂತ್ಕಂಡೇ ಬೆಳಗು ಮಾಡ್ತಿದ್ದೆ. ಗೋಡೆನೂ ನನ್ನಂಗೇ ಒದ್ದೆ. ಮಳೆ ಹಿಡೀತು ಅಂದ್ರೆ ಈ ಮಳೆ ದಾಟ್ತೀನೋ ಇಲ್ವೋ ಅಂತ ಇವರು ಕಣ್ಣೀರು ಹಾಕೋರು. ಇಲ್ಲಿಗೆ ಹಾಕಿದ್ರಲ್ಲ, ಇಲ್ಲಿಗೆ ಬಂದ್ಮೇಲೆ ಉಸಿರು ಅನ್ನೋದು ನನ್ನ ಮಾತು ಕೇಳ್ತು. ಹೆಂಗೆ ಮಲಗ್ತೀನಿ ಗೊತ್ತಾ ಈಗ? ಇವಳು ಬಂದು ಎಬ್ಬಿಸ್ಬೇಕು." ಮಗಳ ಕಡೆ ಕೈ ತೋರಿಸಿ ನಕ್ಕರು.

ನಾನು ಗುಮಾಸ್ತರ ಕಡೆ ತಿರುಗಿ, "ಹಾಗಾದರೆ ಅವತ್ತು ಸಾಹೇಬರ ಹತ್ತಿರ ಬಂದದ್ದು?" ಎಂದೆ.

"ಮೂರ್ನಾಲ್ಕು ವರ್ಷ ಒಂದೇ ಕಡೆ ಇದ್ದೋರನ್ನೆಲ್ಲ ಇನ್ನು ಕದಲಿಸ್ತಾರೆ ಅಂತ ಸುದ್ದಿ ಇತ್ತು. ನನ್ನನ್ನ ಇಲ್ಲೇ ಬುಟ್ಬುಡಿ ಅಂತ ಕೇಳೋಣ ಅಂತ ಬಂದೆ ಸ್ವಾಮಿ."

"ಮತ್ತೆ ಹೇಳಬಾರದಾಗಿತ್ತೆ?"

"ಹೆಂಗೆ ಹೇಳಲಿ? ಅವರು ಕೊಟ್ಟಾಗಿತ್ತಲ್ಲ. ಅಷ್ಟು ದೊಡ್ಡೋರು ಕನಿಕರ ಪಟ್ಟು ಕೊಟ್ಟಿದ್ದನ್ನ ಬ್ಯಾಡ ಅನ್ನೋಕೆ ಬಾಯಿ ಬರಲಿಲ್ಲ."

ಅವರನ್ನು ಹೇಡಿ ಎನ್ನಲು ನನಗೆ ಮನಸ್ಸಿಲ್ಲ. ಆಗಿನ ಕಚೇರಿಗಳಲ್ಲಿ ಬೈಗುಳಕ್ಕೆ ಎದುರಾಡಿದವರನ್ನು ನೋಡಿದ್ದೇನೆ, ಉಪಕಾರಕ್ಕೆ ಎದುರಾಡಿದವರನ್ನು ನೋಡಿಲ್ಲ.

ಮಧುಗಿರಿಗೆ ಬಂದವನೇ ಸಾಹೇಬರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. "ಪಾವಗಡದಲ್ಲೇ ಇರ್ತೀನಿ ಅಂತಾನಾ? ಏನಿದೆಯಯ್ಯ ಅಲ್ಲಿ? ಯಾರಾದರೂ ತಾನಾಗಿ ಅಲ್ಲಿರ್ತೀನಿ ಅಂದರೆ ಎಲ್ಲೋ ಕೈ ಬೆಚ್ಚಗಾಗ್ತಾ ಇರಬೇಕು" ಎಂದರು. ಆಕೆಯ ಉಬ್ಬಸದ ವಿಷಯ ಮತ್ತೆ ಹೇಳಿದೆ. ಸ್ವಲ್ಪ ಮೆತ್ತಗಾದರು, ಆದರೆ ಬಗ್ಗಲಿಲ್ಲ. "ಹುಕುಂ ಹೊರಟುಹೋಗಿದೆ. ಹೆಂಡತಿ ಕೆಮ್ಮಿಗೆಲ್ಲ ಹುಕುಂ ಬದಲಾಯಿಸುತ್ತಾ ಕೂತರೆ ನಾಳೆಯಿಂದ ನಾಲ್ಕು ತಾಲ್ಲೂಕಿನ ಹೆಂಗಸರೂ ಕೆಮ್ಮುತ್ತಾರೆ. ಕೊರಟಗೆರೆಯಲ್ಲಿ ಒಳ್ಳೆ ಡಾಕ್ಟರಿದ್ದಾರೆ ಅಂತ ಹೇಳು."

ನಾನು ಮುಖ ಗಂಟಿಕ್ಕಿಕೊಂಡು ಹೊರಗೆ ಬಂದೆ. ನಮ್ಮ ಶಿರಸ್ತೇದಾರರು, ಎಂದರೆ ಕಚೇರಿಯ ಗುಮಾಸ್ತರಿಗೆಲ್ಲ ಹಿರಿಯರು, ನಶ್ಯದ ಡಬ್ಬಿ ತಟ್ಟುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಿಜ ಹೇಳಿದೆಯಲ್ಲ, ಕೆಲಸ ಕೆಟ್ಟಿತು" ಎಂದರು. "ಉಸಿರಿಗೆ ಯಾವ ಬಾಬತ್ತಿದೆಯಪ್ಪ ನಮ್ಮ ಲೆಕ್ಕದಲ್ಲಿ? ಬಾಬತ್ತಿರುವುದನ್ನು ಬರಿ. ಬೆಂಗಳೂರಿಗೆ ಜವಾಬು ಬರೆಯೋನು ನೀನೇ ತಾನೆ?"

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕುಳಿತು ಬರೆದೆ. ಕೊರಟಗೆರೆಯ ದಾರಿ ಹೇಗೆ, ಶಿರಾದ ಕುರಿ ಹೇಗೆ, ಪಾವಗಡದ ಗಡಿ ಹೇಗೆ, ನೀರು ಹೇಗೆ, ಭಾಷೆ ಹೇಗೆ, ನಾಲ್ಕು ಊರಿಗೆ ಒಂದೇ ಅಳತೆಯ ಅಂಗಿ ಹೊಲಿಸಲಾಗದು ಎಂದು ವಿವರಿಸಿದೆ. ಆಮೇಲೆ ಕೊನೆಯಲ್ಲಿ ಬರೆದೆ: ಪಾವಗಡದ ಖರ್ಚಿನಲ್ಲಿ ನೀರನ್ನೂ ಗಡಿಯನ್ನೂ ತಿದ್ದುವುದು ನಮ್ಮ ಕೈಯಲ್ಲಿಲ್ಲ, ಪದೇ ಪದೇ ಆಗುವ ವರ್ಗಾವಣೆಯನ್ನು ನಿಲ್ಲಿಸುವುದು ಮಾತ್ರ ಇದೆ. ಅಲ್ಲಿ ತೆಲುಗು ಬಲ್ಲ ಗುಮಾಸ್ತರೊಬ್ಬರಿದ್ದಾರೆ. ತರ್ಜುಮೆಯ ಕೆಲಸವನ್ನು ಬೇರೆ ಕೂಲಿ ಇಲ್ಲದೆ ತಾವೇ ಮಾಡುತ್ತಾರೆ, ಬಂದುಹೋಗುವ ಹೊಸಬರಿಗೆ ಕೆಲಸ ಕಲಿಸುತ್ತಾರೆ. ಅವರನ್ನು ಅಲ್ಲಿಂದ ಕದಲಿಸಿದರೆ ಪೂರ್ತಿ ತರ್ಜುಮೆಯ ಕೂಲಿಯೂ ಎರಡು ವರ್ಗಾವಣೆಯ ಭತ್ಯೆಯೂ ಸರ್ಕಾರದ ಮೇಲೆ ಬೀಳುತ್ತವೆ. ಇಷ್ಟರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಉಬ್ಬಸದ ಸೊಲ್ಲು ಎಲ್ಲೂ ಇರಲಿಲ್ಲ.

ಸಾಹೇಬರು ಓದಿ ಮೇಜು ಕುಟ್ಟಿದರು. "ಇದನ್ನು ಮೊದಲೇ ಹೇಳಬಾರದೇನಯ್ಯ? ಹೆಂಡತಿ ಕೆಮ್ಮಿನ ಕಥೆ ಹೇಳ್ತಾ ನಿಂತೆಯಲ್ಲ" ಎಂದು ಅಲ್ಲೇ ಹುಕುಂ ಬರೆಸಿದರು. ಮಿತವ್ಯಯದ ದೃಷ್ಟಿಯಿಂದ ಈ ಗುಮಾಸ್ತರನ್ನು ಪಾವಗಡದಿಂದ ಕದಲಿಸಕೂಡದು. ಬೆಂಗಳೂರಿನವರೂ ಒಪ್ಪಿದರು, ನಮ್ಮ ಜವಾಬನ್ನು ಮೆಚ್ಚಿದರು.

ಹುಕುಂ ಪಾವಗಡ ಮುಟ್ಟಿದ ದಿನ ಗಾಡಿಗೆ ಹೇರುವುದೊಂದು ಬಾಕಿ ಇತ್ತಂತೆ. ಆಕೆ ಯಾರ ಸಹಾಯವನ್ನೂ ಕೇಳದೆ ಹುಲ್ಲು ಬಿಚ್ಚಿ ಪಾತ್ರೆಗಳನ್ನೆಲ್ಲ ಮತ್ತೆ ಗೂಡಿನಲ್ಲಿ ಜೋಡಿಸಿದರಂತೆ. ಗುಮಾಸ್ತರು ಮುಂದಿನ ಸಲ ಬಂದಾಗ ಒಂದು ಮೂಟೆ ಕಡಲೆಕಾಯಿ ತಂದು ನನ್ನ ಮೇಜಿನ ಕೆಳಗೆ ಇಟ್ಟು, ತಂಬಿಗೆ ತೆಗೆದುಕೊಂಡು ಬಾವಿಯ ಕಡೆ ಹೋದರು. ಅವತ್ತು ನಾನು ಬಹಳ ಸಂತೋಷಪಟ್ಟೆ. ನನ್ನ ಇಡೀ ನೌಕರಿಯಲ್ಲಿ ಸಾದಿಲ್ವಾರಿನ ಮೇಜು ಯಾರಿಗಾದರೂ ಉಪಕಾರ ಮಾಡಿದ್ದರೆ ಅದೊಂದೇ ಸಲ.

ವರ್ಷಗಳು ಕಳೆದವು. ಯುದ್ಧ ಬಂತು, ಸೀಮೆಎಣ್ಣೆ ಅಳೆದು ಕೊಡುವ ಕಾಲ ಬಂತು, ಪಾವಗಡದ ಗಾಡಿಯವರು ಬಾಡಿಗೆ ಇನ್ನಷ್ಟು ಏರಿಸಿದರು. ನಮ್ಮಲ್ಲಿ ಸಾಹೇಬರು ಬಂದರು, ಹೋದರು. ಹುಕುಂ ಮಾತ್ರ ಇದ್ದಲ್ಲೇ ಇತ್ತು. ಶಿರಾದಲ್ಲಿ ಮೇಲಿನ ಜಾಗ ಖಾಲಿಯಾದಾಗ ಅವರ ಹೆಸರು ಬಂತು, ಕದಲಿಸಕೂಡದು ಎಂದು ಬಿಟ್ಟರು. ಮಧುಗಿರಿಯಲ್ಲಿ ಖಾಲಿಯಾದಾಗಲೂ ಹಾಗೇ ಆಯಿತು. ಅವರ ಕೈಕೆಳಗೆ ಕೆಲಸ ಕಲಿತು ಓಡಿಹೋದವರೆಲ್ಲ ಅವರಿಗಿಂತ ಮೇಲಿನ ಕುರ್ಚಿಗಳಲ್ಲಿ ಕುಳಿತರು. ನಾನು ಒಮ್ಮೆ ಆ ಮಾತೆತ್ತಿದಾಗ, "ಬುಡಿ ಸ್ವಾಮಿ. ಮನೇಲಿ ಅವಳು ನಿದ್ದೆ ಮಾಡ್ತಾಳೆ" ಎಂದು ತಂಬಿಗೆಯ ಬಾಯಿ ಕಟ್ಟಿದರು. ಮಗಳನ್ನು ಹೊಳವನಹಳ್ಳಿಗೆ ಕೊಟ್ಟು ಮದುವೆ ಮಾಡಿದರು. ಶಿರಸ್ತೇದಾರರು ನಿವೃತ್ತರಾಗಿ, ತೀರಿಕೊಂಡು, ಇನ್ನಿಬ್ಬರು ಬಂದುಹೋದ ಮೇಲೆ ಆ ಕುರ್ಚಿಗೆ ನಾನು ಬಂದೆ.

ಸ್ವಾತಂತ್ರ್ಯದ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ಬೇಸಿಗೆಯಲ್ಲಿ ಅವರು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಂದವರೇ ನನ್ನ ಎದುರಿನ ಬೆಂಚಿನ ಮೇಲೆ ಕುಳಿತರು. ಯಾವತ್ತೂ ನನ್ನೆದುರು ಕುಳಿತವರಲ್ಲ.

"ಅವಳು ಹೋದಳು ಸ್ವಾಮಿ."

ನಾನು ಉಬ್ಬಸವೇ ಎಂದೆ.

"ಇಲ್ಲ. ಉಸಿರಿಗೇನೂ ಆಗಿರಲಿಲ್ಲ. ಜ್ವರ ಬಂತು, ಜ್ವರ ತಗಂಡೋಯ್ತು. ಇನ್ನು ನಂಗೆ ಅಲ್ಲೇನೈತೆ? ಪಿಂಚಣಿಗೆ ಇನ್ನೂ ಕೆಲವು ವರ್ಷ ಇದಾವೆ. ಒಲೆ ಹಚ್ಚೋಕೆ ಬರಲ್ಲ, ಮನೆ ಬಾಗಿಲು ತೆಗೆಯೋಕೆ ಮನಸ್ಸಾಗಲ್ಲ. ಹೊಳವನಹಳ್ಳೀಲಿ ಮಗಳವಳೆ, ಮೊಮ್ಮಕ್ಕಳವೆ. ಕೊರಟಗೆರೆಗೆ ಹಾಕ್ಸಿ ಕೊಡಿ ಸ್ವಾಮಿ. ಯಾವ ಕುರ್ಚಿ ಆದ್ರೂ ಸರಿ, ಕುರ್ಚಿ ಇಲ್ದಿದ್ರೂ ಸರಿ."

ನಾನೇ ಅವರನ್ನು ಒಳಗೆ ಕರೆದುಕೊಂಡು ಹೋದೆ. ಆಗಿನ ಸಾಹೇಬರು ಚಿಕ್ಕ ವಯಸ್ಸಿನವರು, ಬಹಳ ಸಭ್ಯರು. ಹಳಬರಂತೆ ಅರ್ಧ ಮಾತಿಗೆ ಬಾಯಿ ಹಾಕುವವರಲ್ಲ. ಈ ಸಲ ಗುಮಾಸ್ತರು ಹೇಳಬೇಕಾದದ್ದನ್ನೆಲ್ಲ ಹೇಳಿದರು, ಒಂದು ಮಾತೂ ಉಳಿಸಲಿಲ್ಲ. ಸಾಹೇಬರು ಪೂರ್ತಿ ಕೇಳಿದರು. ಕೇಳಿ, ಕಡತ ತರಿಸಿ, ಅದನ್ನೂ ಪೂರ್ತಿ ಓದಿದರು.

"ನಿಮ್ಮಂಥವರು ಅಲ್ಲಿರುವುದರಿಂದಲೇ ಆ ತಾಲ್ಲೂಕು ನಡೆಯುತ್ತಿದೆ" ಎಂದು ಗುಮಾಸ್ತರಿಗೆ ಹೇಳಿದರು. "ಈ ದುಬಾರಿ ಕಾಲದಲ್ಲಿ ನಿಮ್ಮನ್ನು ಬಿಟ್ಟುಕೊಟ್ಟರೆ ಬೆಂಗಳೂರಿಗೆ ನಾನೇನು ಹೇಳಲಿ?"

ನಾನು ತಡೆಯಲಾರದೆ ನಡುವೆ ಮಾತಾಡಿದೆ. "ಸ್ವಾಮಿ, ಅವರನ್ನು ಅಲ್ಲಿ ಬಿಟ್ಟದ್ದಕ್ಕೆ ನಿಜವಾದ ಕಾರಣ ಬೇರೆ. ಅವರ ಮನೆಯವರಿಗೆ ಉಬ್ಬಸ ಇತ್ತು. ಆ ಒಣ ಗಾಳಿ ಅವರಿಗೆ ಒಗ್ಗಿತ್ತು. ಈಗ ಅವರೇ ಇಲ್ಲ."

ಸಾಹೇಬರು ಕಡತವನ್ನು ಹಿಂದೆ ಮುಂದೆ ಮಗುಚಿ ನೋಡಿದರು. "ಎಲ್ಲಿದೆ ಅದು?"

"ಬರೆದಿಲ್ಲ ಸ್ವಾಮಿ."

"ಇದನ್ನು ಬರೆದವರು ನೀವೇ ಅಲ್ಲವೆ? ಇಲ್ಲಿ ಬರೆದದ್ದು ಸುಳ್ಳೇ?"

"ಅಲ್ಲ. ನಿಜ."

"ಈಗಲೂ ನಿಜವೇ?"

ತೆಲುಗು ಅರ್ಜಿಗಳು ಇನ್ನೂ ಬರುತ್ತಿದ್ದವು. ಗಡಿ ಇದ್ದಲ್ಲೇ ಇತ್ತು, ನೀರು ಉಪ್ಪಾಗಿಯೇ ಇತ್ತು, ಹೊಸಬರು ಹೋದ ತಿಂಗಳಿಗೇ ಓಡಿಬರುತ್ತಿದ್ದರು. "ಈಗಲೂ ನಿಜ" ಎಂದೆ. ಸಾಹೇಬರು ಬೇಸರದಿಂದಲೇ ಕಡತ ಕಟ್ಟಿದರು. ಅವರ ಜಾಗದಲ್ಲಿ ನಾನಿದ್ದರೂ ಕಟ್ಟುತ್ತಿದ್ದೆ.

ಹೊರಗೆ ಬಂದೆವು. ನನಗೆ ಬಹಳ ಸಂಕಟವಾಗಿತ್ತು. ಅವರೇ ಮಾತಾಡಿದರು.

"ನೀವು ಬೇಜಾರು ಮಾಡ್ಕಬ್ಯಾಡಿ ಸ್ವಾಮಿ. ಅವತ್ತು ನೀವು ಅಂಗೆ ಬರೀದೆ ಹೋಗಿದ್ರೆ ಅವಳು ಆ ಮಳೆಗಾಲ ದಾಟ್ತಿರಲಿಲ್ಲ. ಅಷ್ಟು ವರ್ಷ ಸಿಕ್ತು." ಮೆಟ್ಟಿಲ ಮೇಲೆ ನಿಂತು ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡರು. "ಆದ್ರೂ ನೋಡಿ. ಕೊರ್ಟಗೆರೆ ಬ್ಯಾಡ ಅನ್ನೋಕೆ ಬಂದಾಗ ಬಾಯಿ ತೆಗೆಯೋಕೆ ಮುಂಚೆ ಕೊಟ್ಬುಟ್ರು. ಈಗ ಬೇಕು ಅಂತ ಬಾಯಿಬುಟ್ಟು ಕೇಳಿದ್ರೂ ಇಲ್ಲ."

ಆ ದಿನಗಳು ಮತ್ತೆ ಬಂದರೂ ನಾನು ಅದನ್ನೇ ಬರೆಯುತ್ತೇನೆ, ಬೇರೆ ದಾರಿ ಇರಲಿಲ್ಲ. ಆದರೆ ಆ ಮೆಟ್ಟಿಲ ಮೇಲೆ ನಿಂತಾಗ ಇದನ್ನು ಹೇಳಿಕೊಂಡು ಸಮಾಧಾನಪಡಲು ನನ್ನಿಂದಾಗಲಿಲ್ಲ.

ಮಿಡಿಗೇಶಿಯ ಮೋಟಾರಿಗೆ ಹೊತ್ತಾಗಿತ್ತು. ಅಭ್ಯಾಸದಂತೆ ಇಬ್ಬರೂ ಕಚೇರಿಯ ಹಿಂದಿನ ಬಾವಿಯ ಕಡೆ ನಡೆದೆವು. ಬಾವಿಯ ಹತ್ತಿರ ಹೋದ ಮೇಲೆ ನೋಡಿದರೆ ಅವರ ಕೈ ಬರಿದಾಗಿತ್ತು. "ತಂಬಿಗೆ ಎಲ್ಲಿ?" ಎಂದೆ.

"ತರಲಿಲ್ಲ ಸ್ವಾಮಿ. ನಂಗೆ ಆ ಊರಿನ ನೀರೇ ಒಗ್ಗೋಗೈತೆ. ಇದು ಅವಳಿಗೆ ಅಂತ ಒಯ್ತಿದ್ದೆ."

ನಾನೇ ಒಂದು ಬಿಂದಿಗೆ ಸೇದಿದೆ. ಅವರು ಬೊಗಸೆಯೊಡ್ಡಿ ಒಂದೆರಡು ಗುಟುಕು ಕುಡಿದು, ಮಿಕ್ಕದ್ದರಲ್ಲಿ ಕಾಲು ತೊಳೆದುಕೊಂಡು ಮೋಟಾರಿನ ಕಡೆ ಹೋದರು.

ಆ ವರ್ಷವೂ ಪಾವಗಡದ ಖರ್ಚು ಹಿಡಿತದಲ್ಲೇ ಇತ್ತು. ಬೆಂಗಳೂರಿನವರು ಮೆಚ್ಚಿ ಬರೆದರು.